ವಿದ್ಯುತ್ ಕಂಪನಿಯ ಷೇರು: ಬೆಲೆ ಮತ್ತು ಮೌಲ್ಯದ ವಿಚಾರ

‘ಬೆಲೆ’ ಎಂಬುದು ಅಚ್ಚಗನ್ನಡದ ಮಾತು. ‘ಮೌಲ್ಯ’ ಎಂಬುದು ಸಂಸ್ಕೃತದ ‘ಮೂಲ’ ಶಬ್ದಕ್ಕೆ ಸಂಬಂಧಪಟ್ಟದ್ದು. ಆಡುಮಾತಿನಲ್ಲಿ ಇವೆರಡನ್ನೂ ಒಂದೇ ಅರ್ಥದಲ್ಲಿ ಬಳಸುವ ರೂಢಿ ಬೆಳೆದಿದೆ. ಆದರೆ ವಿಚಾರ ಮಾಡಿ ನೋಡಿದರೆ ಇವುಗಳ ನಡುವೆ ಅಂತರವುಂಟು. ಸಂತೆಯಲ್ಲಿ ಮಾರುವವನು ಕೂಗಿ ಹೇಳುವುದು ಬೆಲೆ. ಕೊಳ್ಳುವವನು ಹೋರಿಯ ಹಲ್ಲು, ಸುಳಿ, ನಡೆಗಳನ್ನು ನೋಡಿ ತನ್ನ ಮನಸ್ಸಿನಲ್ಲಿ ತೂಗಿಕೊಳ್ಳುವುದು ಮೌಲ್ಯ. ಬೆಲೆಯನ್ನು ತಿಳಿಯಲು ಕಿವಿ ಸಾಕು. ಮೌಲ್ಯವನ್ನು ತಿಳಿಯಲು ಲೆಕ್ಕ ಬೇಕು.

ಕನ್ನಡ ಪಂಡಿತನಿಗೆ ಷೇರುಪೇಟೆಯ ಗೊಡವೆ ಏತಕ್ಕೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ನಿವೃತ್ತರಾದ ಉಪಾಧ್ಯಾಯರೂ ಗುಮಾಸ್ತರೂ ತಮ್ಮ ಜೀವಮಾನದ ಗಳಿಕೆಯೆನ್ನಬಹುದಾದ ಉಪದಾನದ ಹಣವನ್ನು ಈಗೀಗ ಷೇರುಗಳಲ್ಲಿ ತೊಡಗಿಸುತ್ತಿದ್ದಾರೆ. ಅವರಲ್ಲಿ ಬಹುಮಂದಿ ಆರಿಸಿಕೊಳ್ಳುವುದು ವಿದ್ಯುತ್ ಕಂಪನಿಗಳನ್ನು. ಜನರು ದೀಪ ಹೊತ್ತಿಸುವುದನ್ನು ಬಿಡುವುದಿಲ್ಲ, ಆದುದರಿಂದ ದೀಪಕ್ಕೆ ವಿದ್ಯುತ್ತು ಕೊಡುವ ಕಂಪನಿಗೆ ಕೇಡಿಲ್ಲ ಎಂಬುದು ಅವರ ತರ್ಕ. ಈ ತರ್ಕದ ಪೂರ್ವಾರ್ಧ ಸರಿ. ಉತ್ತರಾರ್ಧ ಪರೀಕ್ಷೆಗೆ ಅರ್ಹ. ನಮ್ಮ ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳಿಗೆ ಆ ಪರೀಕ್ಷೆಯ ವಿಧಾನವನ್ನು ತಿಳಿಸಿಕೊಡುವುದು ಪ್ರಸ್ತುತ ಲೇಖನದ ಉದ್ದೇಶ. ಉದಾಹರಣೆಗೆ ಅಮೆರಿಕದ ನ್ಯೂಯಾರ್ಕ್ ನಗರದ ಕನ್ಸಾಲಿಡೇಟೆಡ್ ಎಡಿಸನ್ ಕಂಪನಿಯನ್ನು ಆರಿಸಿಕೊಂಡಿದ್ದೇನೆ. ದೂರದ ಊರಿನದಾದರೂ ಅದರ ಲೆಕ್ಕ ದೀರ್ಘಕಾಲದ್ದು, ಎಲ್ಲರಿಗೂ ತೆರೆದದ್ದು. 1823ರಲ್ಲಿ ಅನಿಲದ ದೀಪಗಳ ಕಂಪನಿಯಾಗಿ ಹುಟ್ಟಿದ ಅದರ ಮೂಲಸಂಸ್ಥೆಯ ಷೇರು 1824ರಿಂದ ನ್ಯೂಯಾರ್ಕಿನ ಷೇರುಪೇಟೆಯಲ್ಲಿದೆ. ಎಡಿಸನ್ ಮಹಾಶಯನು 1882ರ ಸೆಪ್ಟೆಂಬರಿನಲ್ಲಿ ಪರ್ಲ್ ಬೀದಿಯಲ್ಲಿ ತೆರೆದ ವಿದ್ಯುದಾಗಾರದ ಪರಂಪರೆಯೂ ಇದರಲ್ಲಿಯೇ ಬಂದು ಕೂಡಿದೆ.

ಇಂತಹ ಕಂಪನಿಗಳ ಷೇರುಗಳಿಗೆ ಅಮೆರಿಕದಲ್ಲಿ ವಿಧವೆಯರ ಮತ್ತು ಅನಾಥರ ಷೇರು ಎಂಬ ಹೆಸರೇ ಇತ್ತು. ದುಡಿಯಲಾರದವರು ಸಹ ನಿಶ್ಚಿಂತೆಯಿಂದ ಇಟ್ಟುಕೊಂಡಿರಬಹುದಾದ ಷೇರು ಎಂದು ಇದರ ತಾತ್ಪರ್ಯ. ಕನ್ಸಾಲಿಡೇಟೆಡ್ ಎಡಿಸನ್ 1885ರಿಂದ ತಪ್ಪದೆ ಲಾಭಾಂಶ ಹಂಚಿಕೊಂಡು ಬಂದಿತ್ತು. ಎರಡು ಮಹಾಯುದ್ಧಗಳೂ 1930ರ ದಶಕದ ಮಹಾಕುಸಿತವೂ ಅದನ್ನು ತಡೆಯಲಿಲ್ಲ. ಅಂಥ ಕಂಪನಿ 1974ರ ಏಪ್ರಿಲ್ ತಿಂಗಳಲ್ಲಿ ಆ ತ್ರೈಮಾಸಿಕದ ಲಾಭಾಂಶವಿಲ್ಲವೆಂದು ಸಾರಿತು. ಷೇರಿನ ಬೆಲೆ ಕೂಡಲೇ ಮೂರರಲ್ಲೊಂದು ಪಾಲಿನಷ್ಟು ಕುಸಿಯಿತು. ಮುಂದಿನ ತಿಂಗಳು ನಡೆದ ವಾರ್ಷಿಕ ಸಭೆಗೆ ಬಂದವರಲ್ಲಿ ಆ ಲಾಭಾಂಶವನ್ನೇ ನಂಬಿ ಬದುಕುತ್ತಿದ್ದ ವೃದ್ಧರು ಅನೇಕರಿದ್ದರು. ಸಭೆ ಗದ್ದಲದಲ್ಲಿ ಮುಳುಗಿತು.

ಕಾರಣವೇನು? ನಗರದಲ್ಲಿ ದೀಪಗಳು ಉರಿಯುತ್ತಲೇ ಇದ್ದುವು. ಆದರೆ 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲವನ್ನು ತಡೆಹಿಡಿದ ಮೇಲೆ ತೈಲದ ಬೆಲೆ ಕೆಲವೇ ತಿಂಗಳುಗಳಲ್ಲಿ ನಾಲ್ಕು ಪಟ್ಟಾಯಿತು. ಹೊಗೆಯ ಕಟ್ಟುಪಾಡುಗಳಿಂದಾಗಿ ಕಲ್ಲಿದ್ದಲನ್ನು ಬಿಟ್ಟು ತೈಲಕ್ಕೆ ತಿರುಗಿದ್ದ ಈ ಕಂಪನಿಗೆ ಅದು ನೇರವಾಗಿ ತಗುಲಿತು. ಜನರು ಮಿತವ್ಯಯ ಮಾಡತೊಡಗಿದುದರಿಂದ ಮಾರಾಟ ಇಳಿಯಿತು. ಬಾಕಿ ಬಿದ್ದ ಬಿಲ್ಲುಗಳು ಏರಿದುವು. ದರವನ್ನು ಏರಿಸೋಣವೆಂದರೆ ಆಯೋಗದ ಅಪ್ಪಣೆ ಬೇಕು, ಅಪ್ಪಣೆಗೆ ಕಾಲ ಬೇಕು. ಕೊನೆಗೆ ನ್ಯೂಯಾರ್ಕ್ ರಾಜ್ಯವೇ ಕಂಪನಿಯ ಎರಡು ಅಪೂರ್ಣ ವಿದ್ಯುದಾಗಾರಗಳನ್ನು 50 ಕೋಟಿ ಡಾಲರಿಗೆ ಕೊಂಡು ಅದನ್ನು ಉಳಿಸಬೇಕಾಯಿತು. ಲಾಭಾಂಶವು ಅದೇ ವರ್ಷ ಕಡಿಮೆ ದರದಲ್ಲಿ ಪುನಃ ಆರಂಭವಾಗಿ, ತರುವಾಯ ವರ್ಷವರ್ಷವೂ ಏರುತ್ತ ಬಂದಿತೆಂಬುದನ್ನೂ ಇಲ್ಲಿಯೇ ಹೇಳಬೇಕು. ಆದರೆ 1974ರಲ್ಲಿ ಷೇರನ್ನು ಮಾರಿ ಅಕ್ಕಿ-ಬೇಳೆ ಕೊಳ್ಳಬೇಕಾದವರಿಗೆ ಆ ಮುಂದಿನ ಕಥೆಯಿಂದ ಪ್ರಯೋಜನವಿರಲಿಲ್ಲ.

ಈ ಘಟನೆಯ ಒಳಮರ್ಮ ತಿಳಿಯಬೇಕಾದರೆ ವಿದ್ಯುತ್ ಕಂಪನಿ ಹಣ ಗಳಿಸುವ ರೀತಿಯನ್ನು ತಿಳಿಯಬೇಕು. ಬಟ್ಟೆಯ ಅಂಗಡಿಯವನು ತನ್ನ ಸರಕಿಗೆ ತಾನೇ ಬೆಲೆ ಕಟ್ಟುತ್ತಾನೆ. ವಿದ್ಯುತ್ ಕಂಪನಿಗೆ ಆ ಸ್ವಾತಂತ್ರ್ಯವಿಲ್ಲ. ಒಂದು ಬೀದಿಯಲ್ಲಿ ನಾಲ್ಕು ಕಂಪನಿಗಳ ಕಂಬಗಳನ್ನು ನೆಡುವುದು ವ್ಯರ್ಥವಾದುದರಿಂದ ಸರಕಾರವು ಒಂದೇ ಕಂಪನಿಗೆ ಆ ಪ್ರದೇಶವನ್ನು ಬಿಟ್ಟುಕೊಡುತ್ತದೆ. ಅದಕ್ಕೆ ಪ್ರತಿಯಾಗಿ ದರ ನಿರ್ಣಯಿಸುವ ಅಧಿಕಾರವನ್ನು ತನ್ನ ಆಯೋಗದ ಕೈಯಲ್ಲಿ ಇಟ್ಟುಕೊಳ್ಳುತ್ತದೆ. ಆಯೋಗವು ಕಂಪನಿಯ ಕಂಬ, ತಂತಿ, ಯಂತ್ರಗಳಿಗೆ ತಗುಲಿದ ವೆಚ್ಚವನ್ನು ಲೆಕ್ಕ ಹಾಕಿ, ಸವಕಳಿಯನ್ನು ಕಳೆದು, ಉಳಿದ ಮೊತ್ತದ ಮೇಲೆ ಇಷ್ಟು ಪ್ರತಿಫಲ ಎಂದು ಗೊತ್ತುಮಾಡುತ್ತದೆ. 2023ರಲ್ಲಿ ನ್ಯೂಯಾರ್ಕಿನ ಆಯೋಗವು ಈ ಕಂಪನಿಗೆ ಮಂಜೂರು ಮಾಡಿದ ಮೂರು ವರ್ಷಗಳ ದರದಲ್ಲಿ ಬಂಡವಾಳದ ನೂರಕ್ಕೆ 48 ಪಾಲು ಷೇರುದಾರರದೆಂದೂ, ಅದರ ಮೇಲೆ ನೂರಕ್ಕೆ 9.25ರಂತೆ ಪ್ರತಿಫಲವೆಂದೂ ನಿಶ್ಚಯಿಸಿತು. ಎಂದರೆ ನೂರು ಡಾಲರಿನ ಆಸ್ತಿಗೆ ಷೇರುದಾರರ ಪಾಲಿನ ಗಳಿಕೆ 4 ಡಾಲರ್ 44 ಸೆಂಟು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಆಸ್ತಿಯನ್ನು ಲೆಕ್ಕ ಹಾಕುವುದು ಕೊಂಡಾಗಿನ ಬೆಲೆಯಲ್ಲಿ, ಇಂದಿನ ಬೆಲೆಯಲ್ಲಲ್ಲ. ಈ ವಿಷಯದಲ್ಲಿ ಅಮೆರಿಕದ ನ್ಯಾಯಾಲಯಗಳಲ್ಲಿ ದೀರ್ಘ ವಿವಾದ ನಡೆದಿದೆ. 1898ರ ಸ್ಮಿತ್ ಮತ್ತು ಏಮ್ಸ್ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಆಸ್ತಿಯ ನ್ಯಾಯವಾದ ಮೌಲ್ಯದ ಮೇಲೆ ಪ್ರತಿಫಲ ದೊರೆಯಬೇಕೆಂದಿತು. ನ್ಯಾಯವಾದ ಮೌಲ್ಯ ಯಾವುದೆಂದು ವಕೀಲರು ನಲವತ್ತು ವರ್ಷಗಳಿಗೂ ಮಿಕ್ಕಿ ವಾದಿಸಿದರು. 1944ರ ಹೋಪ್ ನ್ಯಾಚುರಲ್ ಗ್ಯಾಸ್ ತೀರ್ಪಿನಲ್ಲಿ ನ್ಯಾಯಾಲಯವು, ಲೆಕ್ಕದ ಸೂತ್ರ ಯಾವುದೇ ಇರಲಿ, ಅಂತಿಮ ಪರಿಣಾಮ ನ್ಯಾಯಸಮ್ಮತವಾಗಿದ್ದರೆ ಸಾಕು ಎಂದು ಆ ವಾದಕ್ಕೆ ತೆರೆ ಎಳೆಯಿತು. ಅಲ್ಲಿಂದ ಮುಂದೆ ಮೂಲವೆಚ್ಚದ ಪದ್ಧತಿಯೇ ನೆಲೆಯೂರಿತು. ಬೆಲೆಗಳು ಸ್ಥಿರವಾಗಿರುವಾಗ ಇದರಿಂದ ಯಾರಿಗೂ ನಷ್ಟವಿಲ್ಲ. ಬೆಲೆಗಳು ಏರತೊಡಗಿದರೆ, ನೂರು ಡಾಲರಿಗೆ ಕಟ್ಟಿದ ಯಂತ್ರವನ್ನು ಇನ್ನೂರು ಡಾಲರಿಗೆ ಪುನಃ ಕಟ್ಟಬೇಕಾಗುತ್ತದೆ. ಕೂಡಿಟ್ಟ ಸವಕಳಿ ಮಾತ್ರ ನೂರೇ. ಕೊರತೆ ಬಿದ್ದ ಹಣವನ್ನು ಸಾಲದಿಂದಲೋ, ಲಾಭವನ್ನು ಹಂಚದೆ ಉಳಿಸಿಕೊಂಡೋ, ಹೊಸ ಷೇರು ಮಾರಿಯೋ ತುಂಬಬೇಕು. ಸಾಲದ ನಿಜಭಾರವನ್ನು ಹಣದುಬ್ಬರವು ಕರಗಿಸುತ್ತದೆಯಲ್ಲ, ಅದರಿಂದ ಷೇರುದಾರನಿಗೆ ಲಾಭವಿಲ್ಲವೆ ಎಂದು ಚುರುಕು ವಿದ್ಯಾರ್ಥಿ ಕೇಳಿಯಾನು. ಬೇರೆ ಉದ್ಯಮಗಳಲ್ಲಿ ಇದೆ. ಇಲ್ಲಿ ಆಯೋಗವು ಸಾಲಕ್ಕೆ ಕಂಪನಿ ನಿಜವಾಗಿ ಕೊಡುವ ಬಡ್ಡಿಯನ್ನೇ ದರದಲ್ಲಿ ಸೇರಿಸುವುದರಿಂದ ಆ ಲಾಭ ದೀಪ ಹೊತ್ತಿಸುವವನ ಪಾಲಾಗುತ್ತದೆ, ಷೇರುದಾರನದಲ್ಲ.

ಇನ್ನು ಮೌಲ್ಯನಿರ್ಣಯದ ವಿಧಾನಕ್ಕೆ ಬರೋಣ. ಷೇರಿನ ಬೆಲೆಯನ್ನು ಆ ಷೇರಿನ ಒಂದು ವರ್ಷದ ಗಳಿಕೆಯಿಂದ ಭಾಗಿಸಿದರೆ ದೊರೆಯುವುದು ಬೆಲೆ-ಗಳಿಕೆಯ ಪ್ರಮಾಣ. ಪತ್ರಿಕೆಗಳಲ್ಲಿ ಅಚ್ಚಾಗುವುದು ಇದೇ. ಇದರ ದೋಷ ಸ್ಪಷ್ಟ. ಒಂದು ವರ್ಷದ ಗಳಿಕೆಯೆಂಬುದು ಒಂದು ಮಳೆಗಾಲದ ಬೆಳೆಯಂತೆ. ಒಳ್ಳೆಯ ಮಳೆಯಾದ ವರ್ಷದ ರಾಶಿಯನ್ನು ನೋಡಿ ಹೊಲಕ್ಕೆ ಬೆಲೆ ಕಟ್ಟುವ ರೈತನಿಲ್ಲ. ಹತ್ತು ವರ್ಷದ ರಾಶಿಯನ್ನು ಕೇಳಿ ತಿಳಿದು ಕಟ್ಟುತ್ತಾನೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬೋಧಿಸುತ್ತಿದ್ದ ಬೆಂಜಮಿನ್ ಗ್ರಹಾಂ ಮತ್ತು ಡೇವಿಡ್ ಡಾಡ್ ಎಂಬ ವಿದ್ವಾಂಸರು 1934ರಲ್ಲಿ ಪ್ರಕಟಿಸಿದ ‘ಸೆಕ್ಯುರಿಟಿ ಅನಾಲಿಸಿಸ್’ ಎಂಬ ಗ್ರಂಥದಲ್ಲಿ ಇದನ್ನೇ ಹೇಳಿದರು: ಗಳಿಕೆಯ ಸರಾಸರಿಯನ್ನು ಐದು ವರ್ಷಗಳಿಗೆ ಕಡಿಮೆಯಿಲ್ಲದಂತೆ, ಸಾಧ್ಯವಾದರೆ ಏಳು ಅಥವಾ ಹತ್ತು ವರ್ಷಗಳಿಗೆ ತೆಗೆಯಬೇಕು. 1929ರ ಉಬ್ಬರವನ್ನೂ ಅದರ ಹಿಂದೆ ಬಂದ ಕುಸಿತವನ್ನೂ ಕಣ್ಣಾರೆ ಕಂಡವರ ಮಾತಿದು.

ಗ್ರಹಾಂ ಬಿಟ್ಟ ಎಳೆಯನ್ನು ರಾಬರ್ಟ್ ಷಿಲ್ಲರ್ ಮತ್ತು ಜಾನ್ ಕ್ಯಾಂಪ್‌ಬೆಲ್ 1988ರಲ್ಲಿ ಮುಂದುವರಿಸಿದರು. ಹತ್ತು ವರ್ಷಗಳ ಗಳಿಕೆಯನ್ನು ಹಾಗೆಯೇ ಕೂಡಿಸದೆ, ಪ್ರತಿಯೊಂದು ವರ್ಷದ ಗಳಿಕೆಯನ್ನೂ ಬೆಲೆ ಸೂಚ್ಯಂಕದ ಮೂಲಕ ಇಂದಿನ ಹಣಕ್ಕೆ ಪರಿವರ್ತಿಸಿ ಆಮೇಲೆ ಸರಾಸರಿ ತೆಗೆಯಬೇಕೆಂಬುದು ಅವರು ಕೂಡಿಸಿದ ಅಂಶ. ಷಿಲ್ಲರ್ ಅವರಿಗೆ 2013ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಇನ್ನಿಬ್ಬರೊಡನೆ ಸಂದಿತು. ಅಮೆರಿಕದ ಷೇರುಪೇಟೆಗೆ ಒಟ್ಟಾಗಿ ಈ ಪ್ರಮಾಣವನ್ನು ಕಟ್ಟಿ ನೋಡಿದರೆ 1929ರ ಸೆಪ್ಟೆಂಬರಿನಲ್ಲಿ ಅದು 32ನ್ನು ದಾಟಿತ್ತು. 1982ರ ಬೇಸಗೆಯಲ್ಲಿ 7ಕ್ಕಿಂತ ಕೆಳಗಿತ್ತು. 1999ರ ಕೊನೆಗೆ 44ಕ್ಕೆ ಏರಿತ್ತು. ಆ ಏರಿಳಿತಗಳ ನಂತರ ಏನಾಯಿತೆಂಬುದು ಇತಿಹಾಸ.

ಪ್ರತಿ ವರ್ಷದ ಹಣವನ್ನೂ ಪರಿವರ್ತಿಸಬೇಕಾದ ಅಗತ್ಯವನ್ನು ಛಂದಸ್ಸು ಓದಿದ ವಿದ್ಯಾರ್ಥಿಗಳಿಗೆ ತಿಳಿಸುವುದು ಸುಲಭ. ಭಾಮಿನೀ ಷಟ್ಪದಿಯ ಪಾದದಲ್ಲಿ ನಾವು ಅಕ್ಷರಗಳನ್ನು ಎಣಿಸುವುದಿಲ್ಲ, ಮಾತ್ರೆಗಳನ್ನು ಎಣಿಸುತ್ತೇವೆ. ಲಘುವೂ ಒಂದು ಅಕ್ಷರ, ಗುರುವೂ ಒಂದು ಅಕ್ಷರ; ಆದರೆ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಅಕ್ಷರ ಎಣಿಸಿ ಗಣ ವಿಭಾಗಿಸಹೊರಟವನಿಗೆ ಪದ್ಯ ಎಲ್ಲಿಯೂ ಹೊಂದುವುದಿಲ್ಲ. 1973ರ ಡಾಲರೂ ಒಂದು ಡಾಲರು, 1982ರ ಡಾಲರೂ ಒಂದು ಡಾಲರು. ಆದರೆ ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕವು 1973ರಲ್ಲಿ 44.4 ಇದ್ದದ್ದು 1982ರಲ್ಲಿ 96.5 ಆಯಿತು. ಎಂದರೆ ಮೊದಲಿನ ಒಂದು ಡಾಲರು ಕೊಳ್ಳುತ್ತಿದ್ದುದನ್ನು ಕೊಳ್ಳಲು ಒಂಬತ್ತು ವರ್ಷಗಳ ಮೇಲೆ 2 ಡಾಲರ್ 17 ಸೆಂಟು ಬೇಕಾಯಿತು. ಮೊದಲಿನದು ಗುರು, ಎರಡನೆಯದು ಲಘು. ಇವನ್ನು ಒಂದೇ ಎಣಿಕೆಯಲ್ಲಿ ಕೂಡಿಸುವುದು ಅಕ್ಷರ ಎಣಿಸಿ ಷಟ್ಪದಿ ಕಟ್ಟಿದಂತೆಯೇ ಸರಿ.

ಈಗ ಲೆಕ್ಕವನ್ನೇ ಮಾಡಿ ನೋಡೋಣ. ಕನ್ಸಾಲಿಡೇಟೆಡ್ ಎಡಿಸನ್ ಕಂಪನಿಯ 2014ರಿಂದ 2023ರ ವರೆಗಿನ ಹತ್ತು ವರ್ಷಗಳ ಪ್ರತಿ ಷೇರಿನ ಗಳಿಕೆಯನ್ನೂ, ಆಯಾ ವರ್ಷದ ಬೆಲೆ ಸೂಚ್ಯಂಕವನ್ನೂ, ಗಳಿಕೆಯನ್ನು 2023ರ ಡಾಲರಿಗೆ ಪರಿವರ್ತಿಸಿದಾಗ ಬರುವ ಮೊತ್ತವನ್ನೂ ಕೆಳಗೆ ಕೊಟ್ಟಿದೆ. ಪರಿವರ್ತನೆಯ ಕ್ರಮವಿದು: ಆ ವರ್ಷದ ಗಳಿಕೆಯನ್ನು 2023ರ ಸೂಚ್ಯಂಕವಾದ 304.7ರಿಂದ ಗುಣಿಸಿ, ಆ ವರ್ಷದ ಸೂಚ್ಯಂಕದಿಂದ ಭಾಗಿಸುವುದು.

2014: ಗಳಿಕೆ 3.73, ಸೂಚ್ಯಂಕ 236.7, ಪರಿವರ್ತಿತ ಗಳಿಕೆ 4.80
2015: ಗಳಿಕೆ 4.07, ಸೂಚ್ಯಂಕ 237.0, ಪರಿವರ್ತಿತ ಗಳಿಕೆ 5.23
2016: ಗಳಿಕೆ 4.15, ಸೂಚ್ಯಂಕ 240.0, ಪರಿವರ್ತಿತ ಗಳಿಕೆ 5.27
2017: ಗಳಿಕೆ 4.97; ಸೂಚ್ಯಂಕ 245.1, ಪರಿವರ್ತಿತ ಗಳಿಕೆ 6.18
2018: ಗಳಿಕೆ 4.43, ಸೂಚ್ಯಂಕ 251.1, ಪರಿವರ್ತಿತ ಗಳಿಕೆ 5.38
2019: ಗಳಿಕೆ 4.09, ಸೂಚ್ಯಂಕ 255.7, ಪರಿವರ್ತಿತ ಗಳಿಕೆ 4.87
2020: ಗಳಿಕೆ 3.29, ಸೂಚ್ಯಂಕ 258.8, ಪರಿವರ್ತಿತ ಗಳಿಕೆ 3.87
2021: ಗಳಿಕೆ 3.86, ಸೂಚ್ಯಂಕ 271.0, ಪರಿವರ್ತಿತ ಗಳಿಕೆ 4.34
2022: ಗಳಿಕೆ 4.68, ಸೂಚ್ಯಂಕ 292.7, ಪರಿವರ್ತಿತ ಗಳಿಕೆ 4.87
2023: ಗಳಿಕೆ 7.25, ಸೂಚ್ಯಂಕ 304.7; ಪರಿವರ್ತಿತ ಗಳಿಕೆ 7.25

ಪರಿವರ್ತಿತ ಗಳಿಕೆಗಳ ಮೊತ್ತ 52.06, ಸರಾಸರಿ 5 ಡಾಲರ್ 21 ಸೆಂಟು. 2023ರ ಕೊನೆಯಲ್ಲಿ ಷೇರಿನ ಬೆಲೆ ಸುಮಾರು 91 ಡಾಲರ್. ಇದನ್ನು ಕೊನೆಯ ವರ್ಷದ ಗಳಿಕೆಯಾದ 7.25ರಿಂದ ಭಾಗಿಸಿದರೆ ಪ್ರಮಾಣ ಹನ್ನೆರಡೂವರೆ. ಪರಿವರ್ತಿಸದ ಹತ್ತು ವರ್ಷಗಳ ಸರಾಸರಿ 4.45, ಅದರಿಂದ ಭಾಗಿಸಿದರೆ 20.4. ಪರಿವರ್ತಿತ ಸರಾಸರಿಯಿಂದ ಭಾಗಿಸಿದರೆ 17.5. ಒಂದೇ ಷೇರು, ಒಂದೇ ದಿನ, ಒಂದೇ ಬೆಲೆ. ಪ್ರಮಾಣ ಮಾತ್ರ ಮೂರು.

ಮೊದಲನೆಯದನ್ನು ನೋಡಿದವನು ಷೇರು ಬಲು ಅಗ್ಗವೆಂದು ಹಿಗ್ಗುತ್ತಾನೆ. ಆದರೆ 7.25ರ ಒಳಗೆ ಏನಿದೆಯೆಂದು ಬಿಚ್ಚಿ ನೋಡಬೇಕು. ಆ ವರ್ಷದ ಮಾರ್ಚ್ 1ರಂದು ಕಂಪನಿಯು ಸೂರ್ಯಶಕ್ತಿ ಮತ್ತು ಗಾಳಿಯಿಂದ ವಿದ್ಯುತ್ತು ಉತ್ಪಾದಿಸುವ ತನ್ನ ಅಂಗಸಂಸ್ಥೆಯನ್ನು ಜರ್ಮನಿಯ ಆರ್‌ಡಬ್ಲ್ಯೂಇ ಕಂಪನಿಗೆ ಮಾರಿತು. ಮಾರಾಟದ ಲಾಭ ಆ ವರ್ಷದ ಗಳಿಕೆಯಲ್ಲಿ ಸೇರಿಕೊಂಡಿತು. ಮನೆಯ ಹಿಂದಣ ತೋಟವನ್ನು ಮಾರಿ ಬಂದ ಹಣವನ್ನು ವರ್ಷದ ಸಂಬಳದಲ್ಲಿ ಸೇರಿಸಿ ಹೇಳಿದಂತಾಯಿತು. ಇಂಥ ಆಕಸ್ಮಿಕಗಳನ್ನು ತೆಗೆದರೆ ಕಂಪನಿಯೇ ಹೇಳಿಕೊಂಡಂತೆ ಗಳಿಕೆ 5.07. ಆಗ ಒಂದು ವರ್ಷದ ಪ್ರಮಾಣವು ಹನ್ನೆರಡೂವರೆಯಿಂದ ಸುಮಾರು ಹದಿನೆಂಟಕ್ಕೆ ಹಾರುತ್ತದೆ. ಹತ್ತು ವರ್ಷದ ಪರಿವರ್ತಿತ ಪ್ರಮಾಣವಾದರೋ 17.5ರಿಂದ 18.2ಕ್ಕೆ ಮಾತ್ರ ಸರಿಯುತ್ತದೆ. ದೀರ್ಘಕಾಲದ ಸರಾಸರಿಯ ಗುಣವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಹೊಳೆಯದು. 2017ರ ಗಳಿಕೆ ಉಬ್ಬಿದ್ದು ಆ ವರ್ಷದ ತೆರಿಗೆ ಕಾಯಿದೆಯ ಬದಲಾವಣೆಯಿಂದ. 2020ರ ಗಳಿಕೆ ತಗ್ಗಿದ್ದರಲ್ಲಿ ಒಂದು ಅನಿಲ ಕೊಳವೆ ಮಾರ್ಗದಲ್ಲಿ ಹೂಡಿದ್ದ ಹಣದ ಮೌಲ್ಯವನ್ನು ಇಳಿಸಿ ಬರೆದದ್ದು ಮುಖ್ಯ ಕಾರಣ. ಏರೂ ತಗ್ಗೂ ಹತ್ತು ವರ್ಷಗಳಲ್ಲಿ ಒಂದನ್ನೊಂದು ಸಮಮಾಡಿಕೊಳ್ಳುತ್ತವೆ.

ಎರಡನೆಯ ಪ್ರಮಾಣವು ತದ್ವಿರುದ್ಧವಾದ ದೋಷವುಳ್ಳದ್ದು. ಹಳೆಯ ದೊಡ್ಡ ಡಾಲರುಗಳನ್ನು ಇಂದಿನ ಸಣ್ಣ ಡಾಲರುಗಳೆಂದು ಎಣಿಸುವುದರಿಂದ ಷೇರು ಇದ್ದುದಕ್ಕಿಂತ ದುಬಾರಿಯಾಗಿ ಕಾಣುತ್ತದೆ. ಬೆಲೆಗಳು ಮೆಲ್ಲಗೆ ಏರುವ ಕಾಲದಲ್ಲಿ ಈ ದೋಷ ಅಲ್ಪ. 1970ರ ದಶಕದಂತಹ ಕಾಲದಲ್ಲಿ ಅದು ಲೆಕ್ಕವನ್ನೇ ಕೆಡಿಸುತ್ತದೆ.

ಪಟ್ಟಿಯನ್ನು ಇನ್ನೊಮ್ಮೆ ನಿಧಾನವಾಗಿ ನೋಡಿದರೆ ಪ್ರಮಾಣಕ್ಕಿಂತ ಹೆಚ್ಚಿನದೊಂದು ಸತ್ಯ ತಿಳಿಯುತ್ತದೆ. ಕಂಪನಿಯ ಒಟ್ಟು ನಿವ್ವಳ ಲಾಭ 2014ರಲ್ಲಿ ಸುಮಾರು 109 ಕೋಟಿ ಡಾಲರ್. 2023ರಲ್ಲಿ, ಮಾರಾಟದ ಲಾಭವೇ ಮೊದಲಾದುವನ್ನು ಬಿಟ್ಟು, ಸುಮಾರು 176 ಕೋಟಿ. ನೂರಕ್ಕೆ ಅರವತ್ತರಷ್ಟು ವೃದ್ಧಿ. ವಾರ್ಷಿಕ ವರದಿಯಲ್ಲಿ ಅಚ್ಚುಹಾಕಿಸಲು ಅಂದವಾದ ಅಂಕಿ. ಆದರೆ ಷೇರುಗಳ ಸಂಖ್ಯೆಯೂ ಈ ಅವಧಿಯಲ್ಲಿ ಸುಮಾರು 29 ಕೋಟಿ 30 ಲಕ್ಷದಿಂದ 34 ಕೋಟಿ 70 ಲಕ್ಷಕ್ಕೆ ಏರಿತು. ಹೊಸ ತಂತಿ, ಹೊಸ ಯಂತ್ರಗಳಿಗೆ ಹಣ ಬೇಕಾದಾಗಲೆಲ್ಲ ಕಂಪನಿ ಹೊಸ ಷೇರುಗಳನ್ನು ಮಾರುತ್ತದೆ. ಎಲೆಗಳು ಹೆಚ್ಚಿದಾಗ ಅದೇ ಅನ್ನವನ್ನು ಹೆಚ್ಚು ಪಾಲು ಮಾಡಬೇಕಲ್ಲವೆ? ಹೀಗಾಗಿ ಪ್ರತಿ ಷೇರಿನ ಗಳಿಕೆ 3.73ರಿಂದ 5.07ಕ್ಕೆ, ನೂರಕ್ಕೆ 36ರಷ್ಟು ಮಾತ್ರ ಏರಿತು. ಅದರೊಳಗಿಂದ ಹಣದುಬ್ಬರವನ್ನು ತೆಗೆದರೆ 4.80ರಿಂದ 5.07ಕ್ಕೆ: ಒಂಬತ್ತು ವರ್ಷಗಳಲ್ಲಿ ನೂರಕ್ಕೆ ಐದೂವರೆಯ ಆಸುಪಾಸು. ವರ್ಷಕ್ಕಲ್ಲ, ಒಂಬತ್ತು ವರ್ಷಗಳಿಗೆ ಒಟ್ಟಾಗಿ.

ಲಾಭಾಂಶದ ಕಥೆ ಇನ್ನೂ ಕುತೂಹಲಕರ. 2014ರಲ್ಲಿ ಪ್ರತಿ ಷೇರಿಗೆ 2 ಡಾಲರ್ 52 ಸೆಂಟು ಕೊಟ್ಟ ಕಂಪನಿ ಒಂದು ವರ್ಷವೂ ತಪ್ಪದೆ ಏರಿಸುತ್ತ 2023ರಲ್ಲಿ 3 ಡಾಲರ್ 24 ಸೆಂಟು ಕೊಟ್ಟಿತು. 2.52ನ್ನು 304.7ರಿಂದ ಗುಣಿಸಿ 236.7ರಿಂದ ಭಾಗಿಸಿ ನೋಡಿ. ಉತ್ತರ 3.24! ಒಂಬತ್ತು ಏರಿಕೆಗಳ ತರುವಾಯ ಷೇರುದಾರನ ಕೈಗೆ ಬಂದ ಹಣದ ಕೊಳ್ಳುವ ಶಕ್ತಿ ಮೊದಲಿದ್ದಷ್ಟೇ. ಪ್ರತಿ ವರ್ಷವೂ ಏರಿಕೆಯ ಪ್ರಕಟಣೆಯನ್ನು ಓದಿ ಸಂತೋಷಪಟ್ಟ ನಿವೃತ್ತನಿಗೆ ಇದು ತಿಳಿದಿರಲಾರದು. ಆತನು ನಷ್ಟಪಡಲಿಲ್ಲ ಎಂಬುದೂ ನಿಜ; ಬ್ಯಾಂಕಿನ ನಿಶ್ಚಿತ ಬಡ್ಡಿಯು ಬೆಲೆಗಳೊಡನೆ ಹೀಗೆ ಏರುವುದಿಲ್ಲ. ಹಣದುಬ್ಬರದ ಹೊಳೆಯಲ್ಲಿ ನಿಂತಲ್ಲೇ ನಿಲ್ಲುವುದೂ ಸಣ್ಣ ಸಾಧನೆಯಲ್ಲವೆಂದು ನಾನು ಭಾವಿಸುತ್ತೇನೆ. ಆದರೆ ಅದು ನಿಂತದ್ದೇ ಹೊರತು ಈಜಿ ಮುಂದೆ ಹೋದದ್ದಲ್ಲ.

ಆ ಹತ್ತು ವರ್ಷಗಳಲ್ಲಿ ಪ್ರತಿ ಷೇರು ಗಳಿಸಿದ್ದು ಒಟ್ಟು 44.52 ಡಾಲರ್. ಲಾಭಾಂಶವಾಗಿ ಹೊರಬಂದದ್ದು 28.94. ಉಳಿದ ಹದಿನೈದೂವರೆ ಡಾಲರ್ ಕಂಪನಿಯಲ್ಲಿಯೇ ಉಳಿಯಿತು. ಅಷ್ಟನ್ನು ಉಳಿಸಿಕೊಂಡೂ ನಿಜಗಳಿಕೆ ಬೆಳೆದದ್ದು ಅತ್ಯಲ್ಪವೆಂದ ಮೇಲೆ, ಆ ಹಣದ ದೊಡ್ಡ ಪಾಲು ಇದ್ದುದನ್ನು ಇದ್ದಂತೆ ಉಳಿಸಿಕೊಳ್ಳುವುದಕ್ಕೇ ಸಂದಿತೆಂದು ತಿಳಿಯಬೇಕು. ಮೂಲವೆಚ್ಚದ ಸವಕಳಿಯ ವಿಚಾರದಲ್ಲಿ ಮೇಲೆ ಹೇಳಿದುದು ಇಲ್ಲಿ ಅಂಕಿಗಳಲ್ಲಿ ಕಾಣಿಸಿಕೊಂಡಿದೆ.

ಹಾಗಾದರೆ 17.5 ಎಂಬ ಪ್ರಮಾಣ ಹೆಚ್ಚೋ ಕಡಿಮೆಯೋ? ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಇಡೀ ಷೇರುಪೇಟೆಯ ದೀರ್ಘಕಾಲದ ಸರಾಸರಿಯೊಡನೆ ಹೋಲಿಸಿ ತೀರ್ಪು ಕೊಡುವುದು ಸಲ್ಲದು. ಬೆಳೆಯುವ ಉದ್ಯಮಕ್ಕೂ ನಿಂತಲ್ಲಿ ನಿಲ್ಲುವ ಉದ್ಯಮಕ್ಕೂ ಒಂದೇ ಅಳತೆಗೋಲು ಹಿಡಿಯಬಾರದು. ಪ್ರಮಾಣವನ್ನು ತಲೆಕೆಳಗು ಮಾಡಿದರೆ, ಎಂದರೆ 5.21ನ್ನು 91ರಿಂದ ಭಾಗಿಸಿದರೆ, ನೂರಕ್ಕೆ 5.7ರಷ್ಟು ಗಳಿಕೆಯ ದರ ಬರುತ್ತದೆ. ಇದು ಷೇರುದಾರನಿಗೆ ನಿಜವಾಗಿ ದೊರೆಯುವ ಪ್ರತಿಫಲವೆಂದು ಹಲವರು ಬರೆಯುತ್ತಾರೆ. ಸಾಮಾನ್ಯ ಉದ್ಯಮಗಳಿಗೆ ಅದು ಸರಿಯಿರಬಹುದು. ಮೇಲಿನ ಕಾರಣಗಳಿಂದ ವಿದ್ಯುತ್ ಕಂಪನಿಗೆ ಅದು ಹೆಚ್ಚಿನ ಅಂದಾಜೆಂದು ನನ್ನ ಅಭಿಪ್ರಾಯ. ಲಾಭಾಂಶದ ದರ ನೂರಕ್ಕೆ ಸುಮಾರು ಮೂರೂವರೆ. ಅದರ ನಿಜವೃದ್ಧಿ ಶೂನ್ಯ. ಆದುದರಿಂದ ಹಣದುಬ್ಬರ ಕಳೆದು ನಿರೀಕ್ಷಿಸಬಹುದಾದ ಪ್ರತಿಫಲ ಮೂರೂವರೆಯಿಂದ ಆರಂಭವಾಗುತ್ತದೆ ಎಂದಿಟ್ಟುಕೊಳ್ಳುವುದು ವಿವೇಕ. ಅಮೆರಿಕದ ಸರಕಾರವು 1997ರಿಂದ ಹಣದುಬ್ಬರಕ್ಕೆ ತಕ್ಕಂತೆ ಅಸಲು ಏರುವ ಸಾಲಪತ್ರಗಳನ್ನು ಮಾರುತ್ತಿದೆ. ಅಂತಹ ಹತ್ತು ವರ್ಷದ ಪತ್ರವು 2023ರ ಕೊನೆಯಲ್ಲಿ ನೂರಕ್ಕೆ 1.7ರ ಆಸುಪಾಸಿನ ನಿಜಬಡ್ಡಿ ಕೊಡುತ್ತಿತ್ತು. ಸರಕಾರದ ಪತ್ರಕ್ಕೆ ಅಪಾಯವಿಲ್ಲ, ಷೇರಿಗೆ 1974 ಇದೆ. ಆ ಅಪಾಯವನ್ನು ಹೊರುವುದಕ್ಕೆ ದೊರೆಯುವ ಕೂಲಿ ನೂರಕ್ಕೆ ಎರಡಕ್ಕಿಂತ ತುಸು ಕಡಿಮೆ. ಇದು ಸಾಕೋ ಸಾಲದೋ ಎಂಬುದನ್ನು ಕೊಳ್ಳುವವನ ವಯಸ್ಸು, ಸಂಸಾರ, ಬೇರೆ ಆದಾಯಗಳು ನಿರ್ಣಯಿಸಬೇಕು.

ಈ ವಿಧಾನಕ್ಕೆ ಅದರದೇ ಆದ ಮಿತಿಯಿದೆ. ಅದು ಹಿಂದಿನದನ್ನು ಬಲ್ಲದು, ಮುಂದಿನದನ್ನು ಅರಿಯದು. ಕ್ಯಾಲಿಫೋರ್ನಿಯದ ಪೆಸಿಫಿಕ್ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಕಂಪನಿಯ ಷೇರು 2017ರ ಸೆಪ್ಟೆಂಬರಿನಲ್ಲಿ 70 ಡಾಲರ್ ಮುಟ್ಟಿತ್ತು. ಆ ಅಕ್ಟೋಬರಿನಲ್ಲಿ ಕಾಳ್ಗಿಚ್ಚುಗಳು ಹಬ್ಬಿದುವು. 2018ರ ನವೆಂಬರ್ 8ರಂದು ಆ ಕಂಪನಿಯ ಹಳೆಯ ವಿದ್ಯುತ್ ಮಾರ್ಗದಿಂದ ಎದ್ದ ಬೆಂಕಿಯಲ್ಲಿ ಪ್ಯಾರಡೈಸ್ ಎಂಬ ಊರು ಸುಟ್ಟುಹೋಗಿ 85 ಮಂದಿ ಅಸುನೀಗಿದರು. ಆ ರಾಜ್ಯದ ಕಾನೂನಿನಲ್ಲಿ ಕಂಪನಿಯ ಅಜಾಗರೂಕತೆ ಸಿದ್ಧವಾಗದಿದ್ದರೂ ಅದರ ತಂತಿಯಿಂದ ಬೆಂಕಿ ಹತ್ತಿದ್ದರೆ ನಷ್ಟ ತುಂಬಬೇಕು. 2019ರ ಜನವರಿಯಲ್ಲಿ ಷೇರು 10 ಡಾಲರಿಗಿಂತ ಕೆಳಗಿಳಿಯಿತು. ಆ ದಿನ ಹಿಂದಿನ ಹತ್ತು ವರ್ಷದ ಗಳಿಕೆಯ ಸರಾಸರಿಯಿಂದ ಭಾಗಿಸಿದವನಿಗೆ ನಾಲ್ಕಕ್ಕೂ ಕೆಳಗಿನ ಪ್ರಮಾಣ ಸಿಕ್ಕಿರುತ್ತಿತ್ತು. ಪುಸ್ತಕ ಹಿಡಿದವನು ಇದು ಅಪೂರ್ವವಾದ ಅಗ್ಗವೆಂದು ಹೇಳಿಯಾನು. ಅದೇ ತಿಂಗಳ 29ರಂದು ಕಂಪನಿ ನ್ಯಾಯಾಲಯದಲ್ಲಿ ದಿವಾಳಿಯ ಅರ್ಜಿ ಹಾಕಿತು. 2018ರ ಒಂದೇ ವರ್ಷದ ನಷ್ಟ 680 ಕೋಟಿ ಡಾಲರನ್ನು ಮೀರಿತ್ತು. ಸರಾಸರಿಯ ಲೆಕ್ಕ ಸುಳ್ಳು ಹೇಳಲಿಲ್ಲ. ಬೆಂಕಿಯ ವಿಚಾರವನ್ನು ಅದಕ್ಕೆ ಯಾರೂ ಕೇಳಿರಲಿಲ್ಲ. ಆದಕಾರಣ ಪ್ರಮಾಣವು ತೀರ ಕಡಿಮೆಯಾಗಿ ಕಂಡಾಗ ಹಿಗ್ಗುವುದಕ್ಕೆ ಮೊದಲು ಕಾರಣವನ್ನು ವಿಚಾರಿಸತಕ್ಕದ್ದು.

ಇದನ್ನು ನಮ್ಮ ದೇಶಕ್ಕೆ ಅನ್ವಯಿಸುವ ಬಗೆ ಹೇಗೆ? ನಮ್ಮ ನಾಡಿನಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿ ವಿದ್ಯುತ್ತು ಹರಿದ ಕಾಲದಿಂದ ಈ ಉದ್ಯಮ ಬಹುಮಟ್ಟಿಗೆ ಸರಕಾರದ್ದೇ. ಮನೆಮನೆಗೆ ವಿದ್ಯುತ್ತು ಹಂಚುವ ನಮ್ಮ ಕಂಪನಿಗಳ ಷೇರುಗಳು ಪೇಟೆಯಲ್ಲಿ ಸಿಗುವುದಿಲ್ಲ. ಆದರೆ ಕೇಂದ್ರ ಸರಕಾರದ ಎನ್‌ಟಿಪಿಸಿ 2004ರಲ್ಲಿಯೂ ಪವರ್ ಗ್ರಿಡ್ 2007ರಲ್ಲಿಯೂ ಷೇರುಪೇಟೆಗೆ ಬಂದುವು. ಇವುಗಳಿಗೂ ಮೂಲವೆಚ್ಚದ ಪದ್ಧತಿಯೇ. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗವು 2019ರಿಂದ 2024ರ ವರೆಗಿನ ನಿಯಮಾವಳಿಯಲ್ಲಿ ಯೋಜನಾವೆಚ್ಚದ ನೂರಕ್ಕೆ 30 ಪಾಲನ್ನು ಷೇರು ಬಂಡವಾಳವೆಂದು ಎಣಿಸಿ, ಅದರ ಮೇಲೆ ನೂರಕ್ಕೆ 15.5ರ ಮೂಲ ಪ್ರತಿಫಲವನ್ನು ಗೊತ್ತುಮಾಡಿತ್ತು. ಅಮೆರಿಕದ 9.25ರ ಪಕ್ಕದಲ್ಲಿ ಇದು ಉದಾರವಾಗಿ ಕಾಣುವುದಾದರೂ, ನಮ್ಮಲ್ಲಿ ಹಣದುಬ್ಬರವೂ ಬಡ್ಡಿಯೂ ಅಲ್ಲಿಗಿಂತ ಹೆಚ್ಚೆಂಬುದನ್ನು ಮರೆಯಬಾರದು.

ನಮ್ಮ ಕಂಪನಿಗಳ ಲೆಕ್ಕ ಮಾಡುವಾಗ ಎರಡು ಎಚ್ಚರಿಕೆಗಳು ಬೇಕು. ವೇಗವಾಗಿ ಜಾಲವನ್ನು ವಿಸ್ತರಿಸಿದ ಕಂಪನಿಯ ಹತ್ತು ವರ್ಷದ ಹಿಂದಿನ ಗಳಿಕೆ ಎಳೆಯ ಗಿಡದ ಫಲದಂತೆ ಅಲ್ಪವಾಗಿರುತ್ತದೆ. ಅದನ್ನೂ ಕೂಡಿಸಿದ ಸರಾಸರಿ ಈಗಿನ ಶಕ್ತಿಯನ್ನು ಕಡಿಮೆ ಮಾಡಿ ತೋರಿಸುತ್ತದೆ. ಅಂಥಲ್ಲಿ ಐದು ವರ್ಷದ ಸರಾಸರಿಯನ್ನೂ ಜೊತೆಗಿಟ್ಟು ನೋಡಬೇಕು. ಎರಡನೆಯದು ಬೋನಸ್ ಷೇರಿನ ಲೆಕ್ಕ. ಪವರ್ ಗ್ರಿಡ್ ಕಂಪನಿಯು 2021ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಮೂರು ಷೇರಿಗೆ ಒಂದರಂತೆ ಬೋನಸ್ ಕೊಟ್ಟಿತು. ಮೊದಲು 900 ಷೇರು ಇದ್ದವನಿಗೆ 1200 ಆಗಿ, ಆಮೇಲೆ 1600 ಆದುವು. ಕಂಪನಿಯ ಆಸ್ತಿ ಮಾತ್ರ ಇದರಿಂದ ಒಂದು ಕಂಬದಷ್ಟೂ ಹೆಚ್ಚಲಿಲ್ಲ. ಆದುದರಿಂದ 2021ಕ್ಕೆ ಮೊದಲಿನ ವರದಿಗಳಲ್ಲಿ ಅಚ್ಚಾಗಿರುವ ಪ್ರತಿ ಷೇರಿನ ಗಳಿಕೆಯನ್ನು ಒಂಬತ್ತರಿಂದ ಗುಣಿಸಿ ಹದಿನಾರರಿಂದ ಭಾಗಿಸಿಕೊಂಡು, ಅನಂತರವೇ ಬೆಲೆ ಸೂಚ್ಯಂಕದ ಪರಿವರ್ತನೆಗೆ ಕೈಹಾಕಬೇಕು.